ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ಹಳೆಯ ಸ್ಕೇಟ್‌ಬೋರ್ಡಿಗೆ ನಿಜವಾದ ಬೆಲೆ ಎಷ್ಟು?

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ, ಊರು ಸಾಗರ. ಕಳೆದ ತಿಂಗಳು ನಮ್ಮ ಬೀದಿಯ ಮನೆಯೊಂದರವರು ಹಳೆಯ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲೊಂದರಲ್ಲಿ ಹಳೆಯ ಸ್ಕೇಟ್‌ಬೋರ್ಡೊಂದನ್ನು 40 ಡಾಲರಿಗೆ ಕೊಂಡೆ. ಅದರ ಅಡಿಭಾಗದಲ್ಲಿ ಒಂದು ವಿಕಾರ ಮುಖದ ಚಿತ್ರವೂ ‘ರಾಸ್ಕಾಪ್’ ಎಂಬ ಹೆಸರೂ ಇವೆ. ಹಿಂಬದಿಯ ತುದಿ ಸವೆದಿದೆ, ಯಾವುದೋ ಅಂಗಡಿಯ ಹರಿದ ಸ್ಟಿಕ್ಕರ್ ಒಂದು ಅಂಟಿಕೊಂಡಿದೆ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ನೋಡಿದರೆ ಇದೇ ಚಿತ್ರದ ಬೋರ್ಡಿಗೆ ಒಬ್ಬರು 90 ಡಾಲರ್ ಹೇಳುತ್ತಿದ್ದಾರೆ, ಇನ್ನೊಬ್ಬರು 2,400 ಡಾಲರ್ ಹೇಳುತ್ತಿದ್ದಾರೆ. ಯಾವುದನ್ನು ನಂಬಬೇಕು? ಉಜ್ಜಿ ಹೊಸದಾಗಿ ಬಣ್ಣ ಹಾಕಿಸಿದರೆ ಬೆಲೆ ಏರುತ್ತದೆಯೇ? ಇಂಥವನ್ನು ಇನ್ನೂ ನಾಲ್ಕೈದು ಕೊಂಡಿಟ್ಟರೆ ಹೂಡಿಕೆಯಾದೀತೇ? ಇದೊಂದನ್ನಾದರೂ ಸಾಗರದ ಮನೆಗೆ ಒಯ್ದು ಗೋಡೆಗೆ ಹಾಕಬೇಕೆಂಬ ಆಸೆಯಿದೆ.

ಉತ್ತರ: ಈ ಉತ್ತರವನ್ನು ಪೂರ್ತಿ ಓದಿ ಮುಗಿಸುವವರೆಗೆ ಆ ಬೋರ್ಡಿಗೆ ಉಪ್ಪುಕಾಗದವನ್ನಾಗಲಿ ಒದ್ದೆ ಬಟ್ಟೆಯನ್ನಾಗಲಿ ತಾಗಿಸಬೇಡಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ನೀವು ನೋಡಿದ ಎರಡು ಬೆಲೆಗಳ ನಡುವೆ ಅಷ್ಟೊಂದು ಅಂತರ ಇರುವುದಕ್ಕೆ ಮಾರುವವರ ಆಸೆಯೊಂದೇ ಕಾರಣವಲ್ಲ. ಹೆಸರು ಒಂದೇ, ಚಿತ್ರ ಒಂದೇ ಆದರೂ ಅವೆರಡೂ ಬೇರೆ ಬೇರೆ ಕಾಲದಲ್ಲಿ ತಯಾರಾದ ಬೇರೆ ಬೇರೆ ವಸ್ತುಗಳಾಗಿರುವ ಸಾಧ್ಯತೆ ಬಹಳ ಹೆಚ್ಚು. ಆದ್ದರಿಂದ ಬೆಲೆಯ ಮಾತಿಗೆ ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ಎಂಬುದು ತೀರ್ಮಾನವಾಗಬೇಕು. ಅದನ್ನು ತೀರ್ಮಾನಿಸಲು ಬೇಕಾದ ಗುರುತುಗಳೆಲ್ಲ ನೀವು ಉಜ್ಜಿ ತೆಗೆಯಬೇಕೆಂದುಕೊಂಡಿರುವ ಆ ಕೊಳೆ, ಗೀರು ಮತ್ತು ಬಣ್ಣದಲ್ಲೇ ಇವೆ.

ರಾಬ್ ರಾಸ್ಕಾಪ್ ಅವರು 1980ರ ದಶಕದಲ್ಲಿ ಸ್ಯಾಂಟಾ ಕ್ರೂಜ್ ಎಂಬ ಸ್ಕೇಟ್‌ಬೋರ್ಡ್ ಕಂಪನಿಯ ಪರವಾಗಿ ಸ್ಪರ್ಧಿಸುತ್ತಿದ್ದ ವೃತ್ತಿಪರ ಸ್ಕೇಟರ್. ಮುಂದೆ ಸ್ಯಾಂಟಾ ಕ್ರೂಜ್ ಬೈಸಿಕಲ್ಸ್ ಕಂಪನಿಯನ್ನು ಕಟ್ಟಿದವರಲ್ಲಿಯೂ ಒಬ್ಬರು. ಅವರ ಹೆಸರಿನ ಬೋರ್ಡುಗಳಿಗೆ ಚಿತ್ರ ಬರೆದವರು ಜಿಮ್ ಫಿಲಿಪ್ಸ್. ಅಂಗೈಯಲ್ಲಿ ಬಾಯಿ ತೆರೆದು ಚೀರುತ್ತಿರುವ ನೀಲಿ ಕೈಯ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಸ್ಕೇಟ್‌ಬೋರ್ಡನ್ನು ಎಂದೂ ಮುಟ್ಟದವರ ಟೀ ಶರ್ಟಿನ ಮೇಲೂ ಇಂದು ಕಾಣುವ ಆ ಚಿತ್ರವನ್ನು 1985ರಲ್ಲಿ ರಚಿಸಿದವರೂ ಅವರೇ. ರಾಸ್ಕಾಪ್ ಬೋರ್ಡುಗಳ ಮೊದಲ ಸರಣಿಯಲ್ಲಿ ಅವರು ಒಂದು ಗುರಿಹಲಗೆಯನ್ನು ಬರೆದು, ಅದನ್ನು ಒಡೆದುಕೊಂಡು ಹೊರಬರುವ ರಾಕ್ಷಸನನ್ನು ತೋರಿಸಿದರು. ಪ್ರತಿಯೊಂದು ಹೊಸ ಬೋರ್ಡಿನಲ್ಲೂ ಆ ರಾಕ್ಷಸ ಇನ್ನಷ್ಟು ಹೊರಗೆ ಬಂದಿರುತ್ತಿದ್ದ. ಮುಂದಿನ ಕಂತಿಗಾಗಿ ಮಕ್ಕಳು ಕಾಯುವಂತೆ ಮಾಡಿದ ಆ ಧಾರಾವಾಹಿಯ ನಂತರ ಬಂದದ್ದು ನಿಮ್ಮಲ್ಲಿರುವ ಮುಖದ ಚಿತ್ರ. ಅದು ಎಷ್ಟು ಜನಪ್ರಿಯವಾಯಿತೆಂದರೆ ಕಂಪನಿಯೇ ಅದನ್ನು ಮತ್ತೆ ಮತ್ತೆ ತಯಾರಿಸಿ ಮಾರಿದೆ. ಹೀಗೆ ಮೂಲ ಕಂಪನಿಯೇ ತನ್ನ ಹಳೆಯ ವಿನ್ಯಾಸವನ್ನು ಮರಳಿ ತಯಾರಿಸಿದ್ದನ್ನು ಸಂಗ್ರಾಹಕರು ‘ರೀಇಶ್ಯೂ’ ಎನ್ನುತ್ತಾರೆ. ಅದು ನಕಲಿಯಲ್ಲ, ಮೋಸವೂ ಅಲ್ಲ, ಗೋಡೆಯ ಮೇಲೆ ಮೂಲದಷ್ಟೇ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಅದರ ಬೆಲೆ ನೂರು ಡಾಲರಿನ ಆಚೀಚೆ. ನೀವು ಕಂಡ 90 ಡಾಲರಿನ ಬೋರ್ಡ್ ಬಹುತೇಕ ಅದೇ.

ಈಗ ನಿಮ್ಮ ಬೋರ್ಡನ್ನು ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಮಿಲಿಮೀಟರ್ ಗೆರೆಗಳಿರುವ ಸ್ಕೇಲೊಂದನ್ನು ತೆಗೆದುಕೊಳ್ಳಿ. ಚಕ್ರಗಳನ್ನು ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ ಎಂದು ಹೆಸರು. ಪ್ರತಿಯೊಂದು ಟ್ರಕ್ಕನ್ನೂ ಹಲಗೆಗೆ ನಾಲ್ಕು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಆ ನಾಲ್ಕು ರಂಧ್ರಗಳಲ್ಲಿ ಬೋರ್ಡಿನ ಉದ್ದಕ್ಕೆ ಇರುವ ಎರಡು ರಂಧ್ರಗಳ ನಡುವಿನ ಅಂತರವನ್ನು ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ. 1980ರ ದಶಕದ ಬೋರ್ಡುಗಳಲ್ಲಿ ಈ ಅಂತರ 2.5 ಇಂಚು, ಅಂದರೆ ಸುಮಾರು 64 ಮಿ.ಮೀ. ಇರುತ್ತದೆ. 1990ರ ಸುಮಾರಿಗೆ ಇಡೀ ಉದ್ಯಮ ಈ ಅಳತೆಯನ್ನು ಬದಲಾಯಿಸಿತು. ಅಂದಿನಿಂದ ಇಂದಿನವರೆಗೆ ಅದು 2.125 ಇಂಚು, ಅಂದರೆ 54 ಮಿ.ಮೀ. ಅಡ್ಡ ಅಳತೆ ಮಾತ್ರ ಬದಲಾಗಲಿಲ್ಲ. ಅಳತೆ ಬದಲಾದ ಆ ಕೆಲವು ವರ್ಷಗಳಲ್ಲಿ ಹಳೆಯ ಬೋರ್ಡಿಗೂ ಹೊಸ ಬೋರ್ಡಿಗೂ ಹೊಂದಲೆಂದು ಆರು ರಂಧ್ರಗಳ ಟ್ರಕ್ಕುಗಳು ಬಂದವು, ಹಾಗಾಗಿ ಟ್ರಕ್ಕಿನ ರಂಧ್ರಗಳನ್ನು ಎಣಿಸಿ ತೀರ್ಮಾನಕ್ಕೆ ಬರಬೇಡಿ. ಹಲಗೆಯ ರಂಧ್ರಗಳನ್ನೇ ನೋಡಿ. ಹಲಗೆಯಲ್ಲಿ 54 ಮಿ.ಮೀ. ಅಂತರದ ರಂಧ್ರಗಳು ಮಾತ್ರ ಇದ್ದರೆ ಅದು 1980ರ ದಶಕದ ಮೂಲ ಬೋರ್ಡ್ ಆಗಿರುವ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟುಬಿಡಬಹುದು. 64 ಮಿ.ಮೀ. ಇದ್ದರೆ ಸಂತೋಷಪಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಎರಡೂ ಅಳತೆಯ ರಂಧ್ರಗಳಿದ್ದರೆ ಮುಂದೆ ಯಾರೋ ಹೊಸ ಟ್ರಕ್ ಕೂಡಿಸಲು ಮತ್ತೆ ಕೊರೆದಿರಬಹುದು. ಕೈಯಿಂದ ಕೊರೆದ ರಂಧ್ರದ ಬಾಯಿ ಕಾರ್ಖಾನೆಯ ರಂಧ್ರದಷ್ಟು ನುಣುಪಾಗಿರುವುದಿಲ್ಲ.

ಎರಡನೆಯದಾಗಿ ಬಣ್ಣವನ್ನು ಬೆರಳ ತುದಿಯಿಂದ ಪರೀಕ್ಷಿಸಿ. ಆ ಕಾಲದ ಬೋರ್ಡುಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದರು. ನಮ್ಮ ಊರುಗಳಲ್ಲಿ ಮದುವೆಯ ಕರೆಯೋಲೆಗಳನ್ನು ಮುದ್ರಿಸುತ್ತಿದ್ದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳನ್ನು ನೀವು ನೋಡಿರುತ್ತೀರಿ: ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಅದರ ಮೇಲೆ ದಪ್ಪ ಶಾಯಿ, ರಬ್ಬರಿನ ಪಟ್ಟಿಯಿಂದ ಒಂದು ಎಳೆತ, ಒಂದೊಂದು ಬಣ್ಣಕ್ಕೆ ಒಂದೊಂದು ಸಲ. ಇಲ್ಲಿಯೂ ಅದೇ ಕ್ರಮ. ಆದ್ದರಿಂದ ಒಂದು ಬಣ್ಣ ಮುಗಿದು ಇನ್ನೊಂದು ಬಣ್ಣ ಶುರುವಾಗುವ ಕಡೆ, ಕರೆಯೋಲೆಯ ಅಕ್ಷರದ ಮೇಲೆ ಬೆರಳಾಡಿಸಿದಾಗ ಸಿಗುವಂಥ ಸಣ್ಣ ಏರು ಬೆರಳಿಗೆ ಸಿಗುತ್ತದೆ. ಕೆಲವು ಕಡೆ ಎರಡು ಬಣ್ಣಗಳ ಅಂಚು ಕೂದಲೆಳೆಯಷ್ಟು ತಪ್ಪಿರುವುದೂ ಉಂಟು. ನಂತರದ ಕಾಲದಲ್ಲಿ ಇಡೀ ಚಿತ್ರವನ್ನು ತೆಳುವಾದ ಹಾಳೆಯಿಂದ ಶಾಖ ಕೊಟ್ಟು ಒಂದೇ ಸಲಕ್ಕೆ ಇಳಿಸುವ ಪದ್ಧತಿ ಬಂತು. ಹಾಗೆ ಇಳಿಸಿದ ಚಿತ್ರ ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರುತ್ತದೆ, ಗೀರು ಬಿದ್ದ ಕಡೆ ಸಿಪ್ಪೆಯಂತೆ ಏಳುತ್ತದೆ. ಹಳೆಯ ಶಾಯಿಯಾದರೋ ಮರದ ಜೊತೆಗೇ ಕೆರೆದುಹೋಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಿದ ರೀಇಶ್ಯೂಗಳೂ ಇರುವುದರಿಂದ ಇದೊಂದನ್ನೇ ಸಾಕ್ಷಿಯಾಗಿ ಹಿಡಿಯಬಾರದು, ರಂಧ್ರದ ಅಳತೆಯ ಜೊತೆಗೆ ಸೇರಿಸಿ ನೋಡಬೇಕು.

ಮೂರನೆಯ ಗುರುತು ಟ್ರಕ್ಕಿನ ಅಡಿಯಲ್ಲಿ ಅಡಗಿರುತ್ತದೆ. ಬೋಲ್ಟುಗಳು ಸುಲಭವಾಗಿ ತಿರುಗುವಂತಿದ್ದರೆ, ಎಲ್ಲ ಕಡೆಯಿಂದಲೂ ಫೋಟೊ ತೆಗೆದುಕೊಂಡ ಮೇಲೆ ಒಂದು ಟ್ರಕ್ಕನ್ನು ಬಿಚ್ಚಿ ನೋಡಿ. ತುಕ್ಕು ಹಿಡಿದು ಬಿಗಿಯಾಗಿದ್ದರೆ ಬಲ ಹಾಕಬೇಡಿ. ಮೂವತ್ತೈದು ವರ್ಷ ಒಂದೇ ಟ್ರಕ್ಕಿನ ಕೆಳಗೆ ಇದ್ದ ಮರದಲ್ಲಿ ಲೋಹದ ಅಂಚು ಒತ್ತಿ ಮೂಡಿದ ಗೆರೆ ಇರುತ್ತದೆ, ಮತ್ತು ಬಿಸಿಲು ಕಾಣದ ಆ ಜಾಗದಲ್ಲಿ ಬಣ್ಣ ಮೊದಲ ದಿನದಂತೆಯೇ ಉಳಿದಿರುತ್ತದೆ. ನನ್ನ ಬೋರ್ಡೊಂದರಲ್ಲಿ ಹೊರಗೆಲ್ಲ ಮಾಸಿದ ಕಂದು ಎಂದು ಕಾಣುತ್ತಿದ್ದ ಬಣ್ಣ ಟ್ರಕ್ಕಿನ ಕೆಳಗೆ ಕುಂಕುಮದಂಥ ಕೆಂಪಾಗಿತ್ತು. ಆ ಒಂದು ಅಂಗೈಯಗಲದ ಚೌಕವನ್ನು ನೋಡಿದ ಕ್ಷಣ ಹಳೆಯ ವಸ್ತುವೊಂದು ತನ್ನ ವಯಸ್ಸನ್ನು ತಾನೇ ಹೇಳಿದಂತಾಯಿತು. ಇಂಥದ್ದನ್ನು ಯಾವ ಮಾರಾಟಗಾರನೂ ಸೃಷ್ಟಿಸಲಾರ.

ನಿಮ್ಮ ಬೋರ್ಡಿನ ಹರಿದ ಸ್ಟಿಕ್ಕರ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಅಂಗಡಿಯ ಫೋನ್ ಸಂಖ್ಯೆ ಉಳಿದಿದೆಯೇ ನೋಡಿ. ಸ್ಯಾಂಟಾ ಕ್ರೂಜ್ ಪಟ್ಟಣಕ್ಕೂ ನಿಮ್ಮ ಸ್ಯಾನ್ ಹೋಸೆಗೂ 1998ರವರೆಗೆ 408 ಎಂಬ ಒಂದೇ ಏರಿಯಾ ಕೋಡ್ ಇತ್ತು. ಆ ವರ್ಷ ಸ್ಯಾಂಟಾ ಕ್ರೂಜ್‌ಗೆ 831 ಬಂತು. ಸ್ಯಾಂಟಾ ಕ್ರೂಜ್‌ನ ಅಂಗಡಿಯ ಸ್ಟಿಕ್ಕರಿನಲ್ಲಿ 408 ಎಂದಿದ್ದರೆ ಅದು ಅಚ್ಚಾದದ್ದು ಆ ಬದಲಾವಣೆಗೆ ಮೊದಲು. ಇಷ್ಟು ಸಣ್ಣ ಚೂರು ಕಾಗದ ಬೋರ್ಡಿನ ಕಾಲಕ್ಕೂ ಊರಿಗೂ ಸಾಕ್ಷಿಯಾಗಿ ನಿಲ್ಲುವಾಗ ಅದನ್ನು ಕೊಳೆ ಎಂದು ಕಿತ್ತುಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಪರೀಕ್ಷೆಗಳನ್ನು ನಾನು ಕಲಿತದ್ದು ಹಣ ತೆತ್ತು. ಸಂಗ್ರಹ ಶುರುಮಾಡಿದ ಹೊಸದರಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದ, ‘ಅಂಗಡಿಯ ಹಳೆಯ ದಾಸ್ತಾನಿನಿಂದ ಬಂದದ್ದು’ ಎಂದು ಹೇಳಲಾದ ಬೋರ್ಡೊಂದನ್ನು ಆನ್‌ಲೈನ್ ಹರಾಜಿನಲ್ಲಿ 650 ಡಾಲರಿಗೆ ಕೊಂಡೆ. ಹೊದಿಕೆ ಬಿಚ್ಚಿದರೆ ಬೆಲೆ ಇಳಿಯುತ್ತದೆ ಎಂಬ ಭಯದಲ್ಲಿ ಒಂದು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡಿದ್ದೆ. ಒಂದು ದಿನ ಹೊದಿಕೆಯ ಮೇಲಿನಿಂದಲೇ ರಂಧ್ರಗಳನ್ನು ಅಳೆದಾಗ 54 ಮಿ.ಮೀ. ಬಂತು. ಅದು ಹೊಸ ರೀಇಶ್ಯೂ ಬೋರ್ಡಾಗಿತ್ತು. ವಸ್ತು ಹಿಂದಿರುಗಿಸುವ ಅವಧಿ ಮುಗಿದು ಎಷ್ಟೋ ತಿಂಗಳಾಗಿತ್ತು. ಬಿಸಿಗಾಳಿಯಿಂದ ಪ್ಲಾಸ್ಟಿಕ್ ಸುತ್ತುವ ಯಂತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಹೊದಿಕೆಯನ್ನು ನೋಡಿ ವಯಸ್ಸು ಹೇಳುವುದು ಸಾಧ್ಯವಿಲ್ಲ. ಅಂದಿನಿಂದ, ರಂಧ್ರದ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ ಕಳಿಸಿ ಎಂದು ಕೇಳದೆ ನಾನು ಯಾವ ಬೋರ್ಡಿಗೂ ಬಿಡ್ ಮಾಡಿಲ್ಲ. ಪ್ರಾಮಾಣಿಕರಾದ ಮಾರಾಟಗಾರರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ.

ಮೂಲ ಬೋರ್ಡುಗಳು ಇಷ್ಟು ಅಪರೂಪವಾದದ್ದೇಕೆ ಎಂಬುದು ತಿಳಿದರೆ ಬೆಲೆಯ ಲೆಕ್ಕವೂ ತಿಳಿಯುತ್ತದೆ. 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ರೋಲರ್ ಸ್ಕೇಟಿನ ಉಕ್ಕಿನ ಚಕ್ರಗಳನ್ನು ಹಲಗೆಗೆ ಬಡಿದು ಮಕ್ಕಳು ಮಾಡಿಕೊಂಡ ಆಟಿಕೆ ಇದು. 1965ರ ಮೇ ತಿಂಗಳಲ್ಲಿ ಲೈಫ್ ಪತ್ರಿಕೆಯ ಮುಖಪುಟಕ್ಕೆ ಏರಿದ ಮೇಲೆ, ಜೇಡಿಮಣ್ಣಿನ ಮಿಶ್ರಣದ ಚಕ್ರಗಳು ಸಣ್ಣ ಕಲ್ಲಿಗೂ ತಡೆದು ಬೀಳಿಸುತ್ತಿದ್ದುದರಿಂದ ಆ ಅಲೆ ಇಳಿಯಿತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್ವರ್ದಿ ಯುರೇಥೇನ್ ಚಕ್ರಗಳನ್ನು ತಂದರು, ರಸ್ತೆ ಹಿಡಿಯುವ ಆ ಮೆತ್ತನೆಯ ಚಕ್ರದಿಂದ ಆಟಕ್ಕೆ ಮತ್ತೆ ಜೀವ ಬಂತು. 1973ರಲ್ಲಿ ಸ್ಯಾಂಟಾ ಕ್ರೂಜ್, 1978ರಲ್ಲಿ ಜಾರ್ಜ್ ಪವೆಲ್ ಮತ್ತು ಸ್ಟೇಸಿ ಪೆರಾಲ್ಟ ಅವರ ಪವೆಲ್ ಪೆರಾಲ್ಟ ಕಂಪನಿಗಳು ಹುಟ್ಟಿದವು. 1980ರ ಸುಮಾರಿಗೆ ವಿಮೆಯ ಹೊರೆ ತಾಳಲಾರದೆ ಸ್ಕೇಟ್‌ಪಾರ್ಕುಗಳು ಒಂದರ ಹಿಂದೊಂದು ಮುಚ್ಚಿದವು. ಆಟ ಮತ್ತೆ ಹಿತ್ತಲಿಗೆ ಸೇರಿತು.

ನಮಗೆ ಇಲ್ಲಿ ಬೇಕಾದದ್ದು ಅದರ ನಂತರದ ಹತ್ತು ವರ್ಷ. ಏಳು ಪದರದ ಮೇಪಲ್ ಮರದ, ಸುಮಾರು 10 ಇಂಚು ಅಗಲ ಮತ್ತು 30 ಇಂಚು ಉದ್ದದ, ಮೀನಿನ ಹೊಟ್ಟೆಯಂತೆ ಉಬ್ಬಿದ ಹಲಗೆಗಳ ಕಾಲ ಅದು. ಅಷ್ಟು ಅಗಲದ ಅಡಿಭಾಗ ಚಿತ್ರಕಾರರಿಗೆ ಸಿಕ್ಕಿತು. ಸ್ಯಾಂಟಾ ಕ್ರೂಜ್‌ಗೆ ಜಿಮ್ ಫಿಲಿಪ್ಸ್ ಇದ್ದಂತೆ ಪವೆಲ್ ಪೆರಾಲ್ಟಕ್ಕೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಇದ್ದರು. ಹಾಳೆಯನ್ನು ಹರಿದುಕೊಂಡು ಇಣುಕುವ ತಲೆಬುರುಡೆ, ಸ್ಕೇಟರ್‌ಗಳಾದ ಸ್ಟೀವ್ ಕ್ಯಾಬಲೇರೊ ಅವರ ಬೋರ್ಡಿನ ಡ್ರ್ಯಾಗನ್, ಟೋನಿ ಹಾಕ್ ಅವರ ಬೋರ್ಡಿನ ಹಕ್ಕಿಯ ಬುರುಡೆ, ಇವೆಲ್ಲ ಅವರ ಕೈಯವು. ಇವುಗಳಲ್ಲಿ ಕೆಲವು ಲೆಕ್ಕವಿಲ್ಲದಷ್ಟು ಮಾರಾಟವಾದವು. ಹಾಗಿದ್ದೂ ಇಂದು ಸಿಗದಿರುವುದಕ್ಕೆ ಕಾರಣ ಸರಳವಾಗಿದೆ. ಸ್ಕೇಟ್‌ಬೋರ್ಡ್ ಚಪ್ಪಲಿಯಂತೆ ಸವೆಯುವ ವಸ್ತು. ಹಿಂಬದಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸುವಾಗಲೆಲ್ಲ ಮರ ಒಂದಿಷ್ಟು ತೇಯುತ್ತದೆ, ಚಿತ್ರವಿರುವ ಹೊಟ್ಟೆಯನ್ನು ಕಾಂಕ್ರೀಟಿನ ಅಂಚಿನ ಮೇಲೆ ಜಾರಿಸುವುದೇ ಆಟದ ಒಂದು ಭಾಗ. ಉಳಿದಿದ್ದವುಗಳಿಗೆ 1990ರ ದಶಕದ ಆರಂಭದಲ್ಲಿ ಕೊನೆಯ ಪೆಟ್ಟು ಬಿತ್ತು: ಎರಡೂ ತುದಿ ಒಂದೇ ರೀತಿ ಇರುವ ಕಿರಿದಾದ ಹಲಗೆ ಬಂತು, ಚಕ್ರಗಳು ನಿಂಬೆಹಣ್ಣಿನಷ್ಟು ಸಣ್ಣದಾದವು, ಅಗಲ ಬೋರ್ಡ್ ಹಿಡಿದುಕೊಂಡು ಬರುವುದು ಹದಿಮೂರರ ಹುಡುಗನಿಗೆ ನಾಚಿಕೆಯ ಸಂಗತಿಯಾಯಿತು. ರಾಶಿ ರಾಶಿ ಬೋರ್ಡುಗಳು ಕಸಕ್ಕೆ ಹೋದವು. ಆ ಹುಡುಗರಿಗೆ ಈಗ ಐವತ್ತರ ಆಸುಪಾಸು, ಕೈಯಲ್ಲಿ ಹಣವಿದೆ, ಅಂದು ಎಸೆದದ್ದು ಇಂದು ಬೇಕಾಗಿದೆ. ಇಂದಿನ ಬೆಲೆಗಳ ಹಿಂದಿರುವ ದೊಡ್ಡ ಬಲ ಇದೇ.

ಇನ್ನು ಹರಾಜಿನ ಬೆಲೆ. ಇಬೇಯಲ್ಲಿ ಹುಡುಕಿದಾಗ ಮೊದಲು ಕಾಣುವುದು ಮಾರಲು ಇಟ್ಟಿರುವ ವಸ್ತುಗಳು, ಮಾರಾಟವಾದವುಗಳಲ್ಲ. 2,400 ಡಾಲರ್ ಎಂದು ಹೇಳಿದವರ ಬೋರ್ಡ್ ಎರಡು ವರ್ಷದಿಂದ ಅಲ್ಲಿಯೇ ಕುಳಿತಿರಬಹುದು. ಹುಡುಕಾಟದ ಆಯ್ಕೆಗಳಲ್ಲಿ ‘ಸೋಲ್ಡ್ ಐಟಮ್ಸ್’ ಎಂಬುದನ್ನು ಒತ್ತಿದರೆ ಇತ್ತೀಚಿನ ತಿಂಗಳುಗಳಲ್ಲಿ ನಿಜವಾಗಿ ಕೈ ಬದಲಾದವು ಮಾತ್ರ ಉಳಿಯುತ್ತವೆ. ಅಲ್ಲಿಯೂ ಒಂದು ಎಚ್ಚರ ಬೇಕು: ಬೆಲೆಯ ಮೇಲೆ ಅಡ್ಡಗೆರೆ ಎಳೆದಿದ್ದರೆ, ಕೊಳ್ಳುವವರು ಚೌಕಾಸಿ ಮಾಡಿ ಕಡಿಮೆಗೆ ಒಪ್ಪಿಸಿದ್ದಾರೆ ಎಂದರ್ಥ, ಗೆರೆ ಎಳೆದ ಆ ಅಂಕಿಯಷ್ಟು ಹಣ ಯಾರೂ ಕೊಟ್ಟಿಲ್ಲ. ಗೆರೆಯಿಲ್ಲದ ಐದಾರು ಮಾರಾಟಗಳನ್ನು ಬರೆದುಕೊಂಡು, ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು, ನಡುವಿನವನ್ನು ನೋಡಿ.

ತುದಿಯ ಅಂಕಿಗಳನ್ನು ಬಿಡಿ ಎನ್ನುವುದಕ್ಕೆ ಕಾರಣ ಹರಾಜಿನ ಸ್ವಭಾವದಲ್ಲಿಯೇ ಇದೆ. ಅಲ್ಲಿ ನೀವು ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ದಾಖಲಿಸುತ್ತೀರಿ. ಯಂತ್ರ ನಿಮ್ಮ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ನೀವು 600 ಎಂದು ಬರೆದಿದ್ದು ಎರಡನೆಯವರು 310ಕ್ಕೆ ನಿಂತರೆ ಬೋರ್ಡ್ ನಿಮಗೆ 315ಕ್ಕೆ ಬರುತ್ತದೆ. ಅಂದರೆ ಬೆಲೆಯನ್ನು ನಿರ್ಧರಿಸುವವರು ಗೆದ್ದವರಲ್ಲ, ಸೋತ ಎರಡನೆಯವರು. ಆ ವಾರ ಆ ಎರಡನೆಯ ವ್ಯಕ್ತಿ ಮದುವೆಗೆಂದು ಊರಿಗೆ ಹೋಗಿದ್ದರೆ ಅದೇ ಬೋರ್ಡ್ 180ಕ್ಕೂ ಹೋಗಬಹುದು. ಹಠ ಹಿಡಿದ ಇಬ್ಬರು ಎದುರಾದರೆ 900ಕ್ಕೂ ಏರಬಹುದು. ಇಷ್ಟು ಕಿರಿದಾದ ಮಾರುಕಟ್ಟೆಯಲ್ಲಿ ಒಂದು ಹರಾಜು ಒಂದು ದಿನದ ಸಂಗತಿ, ಅದನ್ನು ದರಪಟ್ಟಿ ಎಂದು ತಿಳಿಯಬಾರದು.

ಸ್ಥಿತಿಯ ವಿಷಯಕ್ಕೆ ಬಂದರೆ, ಒಮ್ಮೆಯೂ ಟ್ರಕ್ ಕೂಡಿಸದ ಮೂಲ ಹಲಗೆಗೂ ಓಡಿಸಿದ ಹಲಗೆಗೂ ನಡುವೆ ದೊಡ್ಡ ಕಂದಕವಿದೆ. ಒಳ್ಳೆಯ ಚಿತ್ರಕಾರರ, ಹೆಸರಾದ ಸ್ಕೇಟರ್‌ಗಳ ಓಡಿಸದ ಹಲಗೆಗಳಿಗೆ ಸಾವಿರ ಡಾಲರಿನಿಂದ ಮೇಲಕ್ಕೆ ಬೆಲೆಯಿರುವುದು ಸಾಮಾನ್ಯ. ಓಡಿಸಿದ್ದು, ಆದರೆ ಚಿತ್ರ ಮುಕ್ಕಾಲು ಪಾಲು ಉಳಿದಿರುವ, ಬಿರುಕು ಬಿಡದ ಹಲಗೆ ಕೆಲವು ನೂರು ಡಾಲರ್ ತರುತ್ತದೆ. ಚಿತ್ರ ಅಳಿಸಿಹೋಗಿ ಹಿಂಬದಿ ಚಾಕುವಿನಂತೆ ಸವೆದಿದ್ದರೆ ನೂರರ ಒಳಗೆ. ನಿಮ್ಮ ವಿವರಣೆಯ ಪ್ರಕಾರ ನಿಮ್ಮದು ಎರಡನೆಯ ಗುಂಪಿನದು. ಅದು ಮೂಲ ಬೋರ್ಡೇ ಆಗಿದ್ದರೆ 150ರಿಂದ 500 ಡಾಲರಿನ ನಡುವೆ ಎಲ್ಲಿಯಾದರೂ ನಿಲ್ಲಬಹುದು ಎಂಬುದು ನನ್ನ ಅಂದಾಜು, ರೀಇಶ್ಯೂ ಆಗಿದ್ದರೆ ನೀವು ಕೊಟ್ಟ 40 ಡಾಲರ್ ನ್ಯಾಯವಾದ ಬೆಲೆ. ಮೇಲಿರುವ ಟ್ರಕ್ ಮತ್ತು ಚಕ್ರಗಳನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಆ ಕಾಲದ ಇಂಡಿಪೆಂಡೆಂಟ್ ಅಥವಾ ಟ್ರ್ಯಾಕರ್ ಟ್ರಕ್ಕುಗಳು, ಸ್ಯಾಂಟಾ ಕ್ರೂಜ್‌ನ ಸ್ಲೈಮ್ ಬಾಲ್ಸ್ ಚಕ್ರಗಳು ಇದ್ದರೆ ಅವಕ್ಕೂ ಗಿರಾಕಿಗಳಿದ್ದಾರೆ. ಬಿಡಿ ಬಿಡಿಯಾಗಿ ಮಾರಿದರೆ ಒಟ್ಟು ಹಣ ಹೆಚ್ಚು ಬರುವುದೂ ಉಂಟು. ಆದರೂ ಹಾಗೆ ಮಾಡಬೇಡಿ ಎಂದು ಕೇಳುತ್ತೇನೆ. ಒಬ್ಬ ಹುಡುಗ ಕೂಡಿಟ್ಟ ಹಣದಲ್ಲಿ ಆರಿಸಿ ಆರಿಸಿ ಜೋಡಿಸಿದ ಬೋರ್ಡ್ ಹಾಗೆಯೇ ಇಡಿಯಾಗಿ ಉಳಿದು ಬರುವುದು ಬಹಳ ಕಡಿಮೆ. ಒಮ್ಮೆ ಬಿಚ್ಚಿ ಹಂಚಿದ ಮೇಲೆ ಅದನ್ನು ಮತ್ತೆ ಕೂಡಿಸಲು ಯಾರಿಂದಲೂ ಆಗದು.

ಬಣ್ಣ ಹಾಕಿಸುವ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತವಾಗಿ ಬೇಡ ಎಂದೇ. ಮರುಬಣ್ಣ ಹಾಕಿದ ಮೂಲ ಬೋರ್ಡಿಗೆ ಮೂಲದ ಬೆಲೆಯೂ ಇಲ್ಲ, ರೀಇಶ್ಯೂವಿನ ಅಂದವೂ ಇಲ್ಲ. ವಾರ್ನಿಷ್, ಎಣ್ಣೆ, ಮೇಣ ಯಾವುದೂ ಬೇಡ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಧೂಳು ಒರೆಸಿದರೆ ಸಾಕು. ಮೇಲ್ಭಾಗದಲ್ಲಿ ಕಾಲು ಜಾರದಂತೆ ಅಂಟಿಸಿರುವ ಕಪ್ಪು ಗ್ರಿಪ್ ಟೇಪ್ ಹಳತಾಗಿದ್ದರೂ ಕೀಳಬೇಡಿ. ಆ ಕಾಲದ ಮಕ್ಕಳು ಅದನ್ನು ಪಟ್ಟೆ ಪಟ್ಟೆಯಾಗಿ, ತ್ರಿಕೋನಗಳಾಗಿ ಕತ್ತರಿಸಿ ತಮ್ಮದೇ ವಿನ್ಯಾಸ ಮಾಡುತ್ತಿದ್ದರು, ಅದೂ ಬೋರ್ಡಿನ ಭಾಗವೇ. ಹೊಟ್ಟೆಯ ಮೇಲಿನ ಗೀರುಗಳನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸಂಗ್ರಾಹಕರ ಮಾರುಕಟ್ಟೆ ಓಡಿಸದ ಬೋರ್ಡಿಗೆ ಹಲವು ಪಟ್ಟು ಕೊಡುತ್ತದೆ ಎಂಬುದು ನಿಜವಾದರೂ, ಓಡಲೆಂದೇ ಮಾಡಿದ ವಸ್ತು ಓಡಿ ಬಂದದ್ದಕ್ಕೆ ಅಷ್ಟು ಕಡಿಮೆ ಬೆಲೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ನನ್ನ ಗೋಡೆಯ ಮೇಲಿರುವುದರಲ್ಲಿ ಹೆಚ್ಚಿನವು ಸವೆದವೇ.

ಪತ್ರಿಕೆಗಳಲ್ಲಿ ಬಂದ ದೊಡ್ಡ ಅಂಕಿಗಳು ನಿಮ್ಮ ಕಣ್ಣಿಗೂ ಬಿದ್ದಿರಬಹುದು. 2019ರ ಜನವರಿಯಲ್ಲಿ ಸದಬೀಸ್ ಎಂಬ ಹರಾಜು ಸಂಸ್ಥೆ ನಡೆಸಿದ ಆನ್‌ಲೈನ್ ಹರಾಜಿನಲ್ಲಿ ಸುಪ್ರೀಮ್ ಎಂಬ ಉಡುಪಿನ ಕಂಪನಿಯ 248 ಬೋರ್ಡುಗಳ ಪೂರ್ಣ ಸಂಗ್ರಹ 8,00,000 ಡಾಲರಿಗೆ ಹೋಯಿತು. ಕೊಂಡದ್ದು ಹದಿನೇಳರ ಹುಡುಗ. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್ ಗೇಮ್ಸ್ ಎಂಬ ಸ್ಪರ್ಧೆಯಲ್ಲಿ ಟೋನಿ ಹಾಕ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿದರಲ್ಲ, ಆ ದಿನ ಅವರ ಕಾಲಡಿಯಲ್ಲಿದ್ದ ಬೋರ್ಡ್ 2025ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರನ್ನೂ ದಾಟಿತು. ಈ ಎರಡೂ ಮಾರಾಟಗಳಿಂದ ನಿಮ್ಮ ಬೋರ್ಡಿನ ಬೆಲೆಗೆ ಏನೂ ಆಗುವುದಿಲ್ಲ. ಮೊದಲನೆಯದರಲ್ಲಿ ಹಣ ಬಂದದ್ದು ಒಂದೂ ಬಿಡದೆ ಕೂಡಿಸಿದ ಪೂರ್ಣತೆಗೆ, ಎರಡನೆಯದರಲ್ಲಿ ಎಲ್ಲರೂ ಕಣ್ಣಾರೆ ಕಂಡ ಒಂದು ಕ್ಷಣಕ್ಕೆ. ಟೋನಿ ಹಾಕ್ ಅವರ ಬಾಲ್ಯದ ಮೊದಲ ಬೋರ್ಡ್, ಬಾನ್ ಕಂಪನಿಯದು, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದೇ ಮಾದರಿಯ, ಬೇರೆ ಯಾವುದೋ ಮಗು ಓಡಿಸಿದ ಬೋರ್ಡನ್ನು ನೀವು ಇಂದೂ ಸಾಧಾರಣ ಬೆಲೆಗೆ ಕೊಳ್ಳಬಹುದು. ಯಾರದು ಎಂಬುದಕ್ಕೆ ಲಿಖಿತ ಪುರಾವೆಯೋ ಆ ಕಾಲದ ಫೋಟೊವೋ ಇಲ್ಲದಿದ್ದರೆ ‘ಇದು ಇಂಥವರು ಓಡಿಸಿದ್ದಂತೆ’ ಎಂಬ ಮಾತಿಗೆ ಒಂದು ಡಾಲರನ್ನೂ ಹೆಚ್ಚು ಕೊಡಬೇಡಿ.

ಹೂಡಿಕೆಯೆಂದು ನಾಲ್ಕೈದು ಕೊಳ್ಳುವ ಯೋಚನೆಯನ್ನು ನಾನು ಒಪ್ಪಲಾರೆ. ಮಾರುವಾಗ ಜಾಲತಾಣದ ಶುಲ್ಕವೇ ಸುಮಾರು ಶೇಕಡಾ 13 ಹೋಗುತ್ತದೆ. ಪ್ಯಾಕಿಂಗ್ ಮತ್ತು ಸಾಗಣೆ ಬೇರೆ. ಸಂಗ್ರಹದ ವಸ್ತುಗಳ ಮೇಲಿನ ಲಾಭಕ್ಕೆ ಅಮೆರಿಕದ ಆದಾಯ ತೆರಿಗೆ ಷೇರುಗಳಿಗಿಂತ ಹೆಚ್ಚಿನ ದರವನ್ನು ಹಾಕಬಹುದು. 300 ಡಾಲರಿಗೆ ಕೊಂಡದ್ದನ್ನು 400ಕ್ಕೆ ಮಾರಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಹೊತ್ತಿನ ಹೋಟೆಲ್ ಊಟದ ಹಣ. ಅದಕ್ಕಿಂತ ಮುಖ್ಯವಾಗಿ, ಈ ಬೆಲೆಗಳನ್ನು ಎತ್ತಿ ಹಿಡಿದಿರುವುದು ಒಂದು ತಲೆಮಾರಿನ ನೆನಪು. 1987ರಲ್ಲಿ ಹದಿಮೂರು ವರ್ಷವಾಗಿದ್ದವರು ಕೊಳ್ಳುವುದನ್ನು ನಿಲ್ಲಿಸಿ ಮಾರಲು ಶುರುಮಾಡಿದ ದಿನ ರಾಸ್ಕಾಪ್ ಬೋರ್ಡುಗಳ ಬೆಲೆ ಏನಾದೀತು ಎಂಬ ಪ್ರಶ್ನೆಯನ್ನು ಹೂಡಿಕೆದಾರರು ಕೇಳಿಕೊಳ್ಳಲೇಬೇಕು. ಚಿತ್ರ ಇಷ್ಟವಾಗಿ ಇನ್ನೊಂದನ್ನು ಕೊಳ್ಳುವುದಾದರೆ ಅದು ಬೇರೆ ಮಾತು, ಅದನ್ನು ನಾನೇ ಪ್ರೋತ್ಸಾಹಿಸುತ್ತೇನೆ. ಆಗ ನಿಮ್ಮ ಗರಿಷ್ಠ ಮೊತ್ತವನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟು, ಹರಾಜು ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ಒಂದೇ ಒಂದು ಸಲ ಬಿಡ್ ಮಾಡಿ. ಮೊದಲೇ ಬಿಡ್ ಮಾಡಿದರೆ ಎದುರಾಳಿಗೆ ಯೋಚಿಸಲು ಸಮಯ ಕೊಟ್ಟಂತೆ. ಮೊತ್ತವನ್ನು ದುಂಡಗೆ 300 ಎಂದು ಬರೆಯುವ ಬದಲು 307 ಎಂದು ಬರೆಯಿರಿ. ದುಂಡು ಸಂಖ್ಯೆಯಲ್ಲಿ ನಿಂತವರನ್ನು ದಾಟಲು ಅಷ್ಟು ಸಾಕು. ಅಂದ ಹಾಗೆ, ನೀವಿರುವಲ್ಲಿಂದ ಬೆಟ್ಟ ದಾಟಿದರೆ ಸ್ಯಾಂಟಾ ಕ್ರೂಜ್. ಆ ಕಡೆಯ ಗ್ಯಾರೇಜುಗಳಲ್ಲಿ ಹರಾಜಿನ ಮುಖ ಕಾಣದ ಬೋರ್ಡುಗಳು ಇನ್ನೂ ಇವೆ, ನಿಮಗೆ ಸಿಕ್ಕಿದ್ದೇ ಅದಕ್ಕೆ ಸಾಕ್ಷಿ.

ಇನ್ನು ಸಾಗರದ ಮನೆಯ ಗೋಡೆ. ಟ್ರಕ್ಕುಗಳನ್ನು ಬಿಚ್ಚಿದರೆ 30 ಇಂಚಿನ ಹಲಗೆ ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಹಿಡಿಸುತ್ತದೆ. ಬೋಲ್ಟು, ನಟ್ಟು, ವಾಷರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಯಾವುದು ಯಾವ ರಂಧ್ರದ್ದು ಎಂದು ಚೀಟಿ ಬರೆದಿಡಿ, ತುಕ್ಕು ಹಿಡಿದಿವೆ ಎಂದು ಹೊಸದನ್ನು ಹಾಕಬೇಡಿ. ಮಲೆನಾಡಿನ ಮಳೆಗಾಲ ಈ ಬೋರ್ಡಿಗೆ ಕ್ಯಾಲಿಫೋರ್ನಿಯಾದಲ್ಲಿ ಎಂದೂ ಎದುರಾಗದ ಪರೀಕ್ಷೆ. ಏಳು ಪದರಗಳನ್ನು ಹಿಡಿದಿರುವ ಅಂಟು ತಿಂಗಳುಗಟ್ಟಲೆ ತೇವದಲ್ಲಿದ್ದರೆ ಸಡಿಲಗೊಂಡು ಅಂಚಿನಲ್ಲಿ ಪದರಗಳು ಬಾಯಿ ಬಿಡುತ್ತವೆ. ಮಳೆ ಹೊಡೆಯುವ ಹೊರಗೋಡೆಗೆ ಹಾಕಬೇಡಿ, ನಡುಮನೆಯ ಒಳಗೋಡೆಗೆ, ನೇರ ಬಿಸಿಲು ಬೀಳದ ಕಡೆ, ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ತೂಗುಹಾಕಿ. ಹೊಸ ರಂಧ್ರ ಕೊರೆಯುವ ಅಗತ್ಯವಿಲ್ಲ; ಇರುವ ಬೋಲ್ಟಿನ ರಂಧ್ರಗಳಲ್ಲೇ ಗಟ್ಟಿಯಾದ ನೈಲಾನ್ ದಾರ ಪೋಣಿಸಬಹುದು. ಮೇಪಲ್ ಮರಕ್ಕೆ ಗೆದ್ದಲೂ ಕುಟ್ಟೆ ಹುಳುವೂ ಹತ್ತುತ್ತವೆ, ಆದ್ದರಿಂದ ಅಟ್ಟದ ಮೇಲೆ ಹಳೆಯ ಸಾಮಾನಿನ ಜೊತೆ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯವರು ತಿಂಗಳಿಗೊಮ್ಮೆ ಇಳಿಸಿ ಹಿಂಬದಿಯನ್ನೂ ಅಂಚುಗಳನ್ನೂ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಲಿ. ಹೊರಡುವ ಮೊದಲು ರಂಧ್ರಗಳ ಅಳತೆ, ಟ್ರಕ್ಕಿನ ಅಡಿಯ ಬಣ್ಣ ಮತ್ತು ಆ ಸ್ಟಿಕ್ಕರಿನ ಹತ್ತಿರದ ಫೋಟೊಗಳನ್ನು ನನಗೆ ಕಳಿಸಿಕೊಟ್ಟರೆ, ನಿಮ್ಮದು ಮೂಲವೋ ರೀಇಶ್ಯೂವೋ ಎಂಬುದನ್ನು ನೋಡಿ ತಿಳಿಸುತ್ತೇನೆ.